ಸೋಲಾರ್ ಬೇಲಿಯ ನಕಲು ಝಟಕಾ ಪೆಟ್ಟಿಗೆಗಳು: ವಿನ್ಯಾಸ ದೋಷಗಳು ಹಾಗೂ ಗ್ರಾಮ ಪಂಚಾಯಿತಿ ಸದಸ್ಯರು ಗಮನಿಸಬೇಕಾದ ಅಂಶಗಳು

ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರಾ ಮತ್ತು ಹಗರಿ ನದಿಗಳ ದಂಡೆಯ ಗದ್ದೆಗಳಿಂದ ಹಿಡಿದು ಕುರುಗೋಡು ತಾಲ್ಲೂಕಿನ ಬಂಡೆಗುಡ್ಡಗಳ ಅಂಚಿನ ಶೇಂಗಾ, ಮೆಕ್ಕೆಜೋಳದ ಹೊಲಗಳವರೆಗೆ, ಕಾಡುಹಂದಿಯ ಹಾವಳಿಯಿಂದ ಬೆಳೆಯನ್ನು ಉಳಿಸಿಕೊಳ್ಳಲು ರೈತರು ಸೋಲಾರ್ ತಂತಿ ಬೇಲಿಯ ಮೊರೆ ಹೋಗುತ್ತಿದ್ದಾರೆ. ಈ ಬೇಲಿಯ ತಂತಿಗೆ ವಿದ್ಯುತ್ ಮಿಡಿತವನ್ನು ನೀಡುವ ಪುಟ್ಟ ಪೆಟ್ಟಿಗೆಗೆ ತಾಂತ್ರಿಕ ಭಾಷೆಯಲ್ಲಿ ಎನರ್ಜೈಸರ್ ಎಂದು ಹೆಸರು; ರೈತರ ಬಾಯಲ್ಲಿ ಅದು ಝಟಕಾ ಮಷಿನ್. ಮಾನಕಕ್ಕೆ ಅನುಗುಣವಾಗಿ ತಯಾರಾದ ಪೆಟ್ಟಿಗೆಗಳ ಜೊತೆಗೆ, ಅವುಗಳ ಹೊರಕವಚವನ್ನೂ ಒಳಗಿನ ಸರ್ಕ್ಯೂಟನ್ನೂ ನೋಡಿ ನಕಲು ಮಾಡಿದ, ತಯಾರಕರ ಹೆಸರು ವಿಳಾಸಗಳಿಲ್ಲದ ಪೆಟ್ಟಿಗೆಗಳೂ ಅಂಗಡಿ, ಸಂತೆ ಹಾಗೂ ಆನ್‌ಲೈನ್ ಮಾರಾಟದ ಮೂಲಕ ಹಳ್ಳಿಗಳನ್ನು ತಲುಪುತ್ತಿವೆ. ಇಂತಹ ನಕಲು ಪೆಟ್ಟಿಗೆಯೂ ಝಟಕಾ ಕೊಡುತ್ತದೆ, ಹಂದಿಯೂ ಓಡುತ್ತದೆ. ಆದ್ದರಿಂದಲೇ ಅದರಲ್ಲಿನ ಕೊರತೆ ಕೊಂಡವರ ಗಮನಕ್ಕೆ ಬರುವುದಿಲ್ಲ. ಆ ಕೊರತೆ ಏನು, ಅದು ಯಾವ ಸಂದರ್ಭದಲ್ಲಿ ಪ್ರಾಣಾಪಾಯಕ್ಕೆ ದಾರಿಯಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸರಿಯಾದ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ

ಬೇಲಿಯ ತಂತಿಯಲ್ಲಿ 5,000ದಿಂದ 9,000 ವೋಲ್ಟ್‌ವರೆಗಿನ ಒತ್ತಡವಿರುತ್ತದೆ ಎಂದರೆ ಕೇಳಿದವರು ಬೆಚ್ಚುವುದು ಸಹಜ. ಮನೆಯ 230 ವೋಲ್ಟ್‌ಗೇ ಜೀವ ಹೋಗುವಾಗ 9,000 ವೋಲ್ಟ್ ಮುಟ್ಟಿದವರು ಬದುಕುವುದು ಹೇಗೆ ಎಂಬ ಪ್ರಶ್ನೆ ಗ್ರಾಮಸಭೆಗಳಲ್ಲಿಯೂ ಏಳುವಂಥದ್ದು. ಉತ್ತರ ಕಾಲದಲ್ಲಿದೆ. ಬೇಲಿಯ ಮಿಡಿತವು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಮುಗಿದುಹೋಗುತ್ತದೆ. ಮುಂದಿನ ಮಿಡಿತ ಬರುವುದು ಕನಿಷ್ಠ ಒಂದು ಸೆಕೆಂಡಿನ ನಂತರ. ಆ ಬಿಡುವಿನಲ್ಲಿ ಸ್ನಾಯು ಸಡಿಲಗೊಳ್ಳುತ್ತದೆ, ಪ್ರಾಣಿಯಾಗಲಿ ಮನುಷ್ಯರಾಗಲಿ ತಂತಿಯಿಂದ ಹಿಂದೆ ಸರಿಯುತ್ತಾರೆ. ಮನೆಯ ಅಥವಾ ಪಂಪ್‌ಸೆಟ್ಟಿನ ಕರೆಂಟಿನಲ್ಲಿ ಈ ಬಿಡುವು ಇಲ್ಲ. ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಹಿಡಿದ ಕೈಯನ್ನು ಬಿಡಲಾಗುವುದಿಲ್ಲ. ಒದ್ದೆ ಮೈಯ ಮೂಲಕ 230 ವೋಲ್ಟ್ ಹರಿದರೆ 200 ಮಿಲಿ ಆಂಪಿಯರ್ ಕೂಡ ಮೀರಬಹುದು. ಹೃದಯದ ಬಡಿತ ತಾಳ ತಪ್ಪಲು ಅಷ್ಟು ಬೇಕಾಗಿಯೂ ಇಲ್ಲ.

ಪೆಟ್ಟಿಗೆಯ ಒಳಗೆ ನಡೆಯುವುದು ಹೀಗೆ. 12 ವೋಲ್ಟ್ ಬ್ಯಾಟರಿಯ ವಿದ್ಯುತ್ತನ್ನು ಒಂದು ಪುಟ್ಟ ಇನ್ವರ್ಟರ್ ಭಾಗವು ಸುಮಾರು 600 ವೋಲ್ಟ್‌ಗೆ ಏರಿಸಿ ಕೆಪ್ಯಾಸಿಟರಿನಲ್ಲಿ ತುಂಬುತ್ತದೆ. ಪಂಪ್‌ಸೆಟ್ ಸ್ಟಾರ್ಟರಿನಲ್ಲಿ ಕೆಪ್ಯಾಸಿಟರನ್ನು ಕಂಡಿರುವ ಸದಸ್ಯರಿಗೆ ಇದರ ಪರಿಚಯವಿದ್ದೇ ಇರುತ್ತದೆ. ತುಂಬಿದ ಕೆಪ್ಯಾಸಿಟರನ್ನು ಥೈರಿಸ್ಟರ್ ಎಂಬ ಇಲೆಕ್ಟ್ರಾನಿಕ್ ಸ್ವಿಚ್ ಒಮ್ಮೆಲೇ ಟ್ರಾನ್ಸ್‌ಫಾರ್ಮರಿಗೆ ಖಾಲಿ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟ್‌ಗೆ ಏರಿಸಿ ತಂತಿಗೆ ಕೊಡುತ್ತದೆ. ಟಿಕ್ ಎಂಬ ಸದ್ದು ಕೇಳುವುದು ಆ ಕ್ಷಣದಲ್ಲಿ.

ಇಂತಹ ಪೆಟ್ಟಿಗೆಗಳಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಐಇಸಿ 60335-2-76 ಎಂಬ ಮಾನಕವಿದೆ. ಭಾರತದಲ್ಲಿ ಗೃಹೋಪಯೋಗಿ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಸಂಬಂಧಿಸಿದ ಐಎಸ್ 302ರ ಎರಡನೇ ಭಾಗದ 76ನೇ ವಿಭಾಗವು ಬೇಲಿಯ ಎನರ್ಜೈಸರುಗಳಿಗೇ ಮೀಸಲಾಗಿದೆ. ಐಇಸಿ ಮಾನಕದ ತಿರುಳೆಂದರೆ, 500 ಓಮ್ ಹೊರೆಯ ಮೂಲಕ ಒಂದು ಮಿಡಿತದಲ್ಲಿ ಹೊರಹೋಗುವ ಶಕ್ತಿ 5 ಜೂಲ್ ಮೀರಬಾರದು. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಮಿಡಿತ ಇರಬಾರದು. ಒಂದು ಮಿಡಿತದ ಅವಧಿ 10 ಮಿಲಿ ಸೆಕೆಂಡ್ ದಾಟಬಾರದು. ಒಂದು ಕಿಲೋ ತೂಕವನ್ನು ಅರ್ಧ ಮೀಟರ್ ಎತ್ತಲು ಬೇಕಾಗುವ ಶಕ್ತಿಯೇ ಸುಮಾರು 5 ಜೂಲ್. ಹಂದಿಯನ್ನು ಓಡಿಸಲು ಅಷ್ಟು ಧಾರಾಳವಾಗಿ ಸಾಕು.

ನಕಲಿನಲ್ಲಿ ಬಿಟ್ಟುಹೋಗುವುದು ಏನು

ಮಾನಕದ ಪೆಟ್ಟಿಗೆಯಲ್ಲಿ ಎರಡು ಬಗೆಯ ಬಿಡಿಭಾಗಗಳಿರುತ್ತವೆ. ಮೊದಲನೆಯವು ಝಟಕಾ ಕೊಡುವಂಥವು. ಎರಡನೆಯವು ಏನಾದರೂ ಕೆಟ್ಟಾಗ ಮಾತ್ರ ಕೆಲಸಕ್ಕೆ ಬರುವಂಥವು. ನಕಲು ಮಾಡುವವರು ಪೆಟ್ಟಿಗೆಯನ್ನು ಬಿಚ್ಚಿ ಒಂದೊಂದೇ ಭಾಗವನ್ನು ತೆಗೆದು ನೋಡಿದಾಗ ಎರಡನೆಯ ಬಗೆಯವು ಇಲ್ಲದಿದ್ದರೂ ಪೆಟ್ಟಿಗೆ ನಡೆಯುತ್ತದೆ. ಖರ್ಚು ಉಳಿಯುವುದು ಅಲ್ಲಿಯೇ.

ಇವುಗಳಲ್ಲಿ ಮೊದಲು ಹೇಳಬೇಕಾದುದು ಸಮಯದ ಕಾವಲು. ಒಳ್ಳೆಯ ಪೆಟ್ಟಿಗೆಯಲ್ಲಿ ಮಿಡಿತದ ಅಂತರವನ್ನು ನಿಯಂತ್ರಿಸುವ ಭಾಗ ಕೆಟ್ಟರೆ ಮಿಡಿತವೇ ನಿಂತುಹೋಗುವಂತೆ ವಿನ್ಯಾಸವಿರುತ್ತದೆ. ನಕಲಿನಲ್ಲಿ ಒಂದು ರೆಸಿಸ್ಟರ್ ಮತ್ತು ಒಂದು ಅಗ್ಗದ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಮಾತ್ರ ಈ ಕೆಲಸ ಮಾಡುತ್ತವೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಬಳ್ಳಾರಿ ಜಿಲ್ಲೆಯಲ್ಲಿ, ಹೊಲದ ಕಂಬಕ್ಕೆ ಕಟ್ಟಿದ ಮುಚ್ಚಿದ ಪೆಟ್ಟಿಗೆಯ ಒಳಗೆ ಕಾವು ಅದಕ್ಕಿಂತ ಬಹಳ ಮೇಲಿರುತ್ತದೆ. ಇಂತಹ ಕೆಪ್ಯಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಅಂದಾಜು ಅರ್ಧಕ್ಕೆ ಇಳಿಯುತ್ತದೆ. ಅದು ಒಣಗಿ ಸಾಮರ್ಥ್ಯ ಅರ್ಧವಾದರೆ ಮಿಡಿತಗಳ ಅಂತರವೂ ಅರ್ಧವಾಗುತ್ತದೆ, 1.2 ಸೆಕೆಂಡಿಗೊಮ್ಮೆ ಬರುತ್ತಿದ್ದುದು 0.6 ಸೆಕೆಂಡಿಗೊಮ್ಮೆ ಬರತೊಡಗುತ್ತದೆ. ಪೂರ್ತಿ ಕೆಟ್ಟಾಗ ಮಿಡಿತಗಳು ಒಂದರ ಬೆನ್ನಿಗೊಂದು ಹೊರಡುತ್ತವೆ. ಒಂದೊಂದು ಮಿಡಿತದ ಬಲ ಆಗ ಕುಗ್ಗಿರಬಹುದು, ಆದರೆ ಕೈ ಬಿಡಿಸಿಕೊಳ್ಳಲು ಇದ್ದ ಬಿಡುವು ಹೋಗಿರುತ್ತದೆ. ಈ ದೋಷವನ್ನು ಯಾವ ಉಪಕರಣವೂ ಇಲ್ಲದೆ ಪತ್ತೆ ಹಚ್ಚಬಹುದು. ಪೆಟ್ಟಿಗೆಯಿಂದ ದೂರ ನಿಂತು ಮೊಬೈಲಿನ ಗಡಿಯಾರ ನೋಡುತ್ತಾ ಟಿಕ್ ಸದ್ದನ್ನು ಎಣಿಸಿದರೆ ನಿಮಿಷಕ್ಕೆ 60 ಮೀರಬಾರದು. ಮೀರಿದರೆ ಆ ಪೆಟ್ಟಿಗೆಯನ್ನು ಅಂದೇ ಬಂದ್ ಮಾಡಿಸತಕ್ಕದ್ದು.

ಎರಡನೆಯದು ಶಕ್ತಿಯ ಲೆಕ್ಕ. 20 ಮೈಕ್ರೊಫ್ಯಾರಡ್ ಕೆಪ್ಯಾಸಿಟರನ್ನು 600 ವೋಲ್ಟ್‌ಗೆ ತುಂಬಿದರೆ ಅದರಲ್ಲಿ 3.6 ಜೂಲ್ ಶೇಖರವಾಗುತ್ತದೆ. ಬೇಲಿ ಮಂದವಾಗಿದೆ ಎಂಬ ದೂರು ಬಂದಾಗ ರಿಪೇರಿಯವರು ಅದನ್ನು ತೆಗೆದು 47 ಮೈಕ್ರೊಫ್ಯಾರಡ್‌ನದು ಹಾಕುವುದುಂಟು. ಆಗ ಶೇಖರ ಸುಮಾರು 8.5 ಜೂಲ್. ಟ್ರಾನ್ಸ್‌ಫಾರ್ಮರಿನಲ್ಲಿ ಮೂರನೇ ಒಂದು ಭಾಗ ನಷ್ಟವಾದರೂ ಹೊರಬರುವುದು 5 ಜೂಲ್ ಮಿತಿಗಿಂತ ಹೆಚ್ಚೇ. ನಕಲು ಪೆಟ್ಟಿಗೆಯ ಮೇಲೆ 10 ಜೂಲ್, 12 ಜೂಲ್ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಗುಣವೆಂದು ಭಾವಿಸಬಾರದು. ಅದು ಒಳಗೆ ಶೇಖರವಾಗುವ ಶಕ್ತಿಯೋ ಹೊರಹೋಗುವ ಶಕ್ತಿಯೋ ಎಂಬುದನ್ನೂ ಅಲ್ಲಿ ತಿಳಿಸಿರುವುದಿಲ್ಲ.

ಕೆಪ್ಯಾಸಿಟರಿನ ಎರಡು ತುದಿಗಳ ನಡುವೆ ಒಂದು ರೆಸಿಸ್ಟರ್ ಇದ್ದರೆ, ಸ್ವಿಚ್ ಆಫ್ ಮಾಡಿದ ಮೇಲೆ ಉಳಿದ 600 ವೋಲ್ಟ್ ಒಂದೆರಡು ನಿಮಿಷದಲ್ಲಿ ತಾನಾಗಿ ಇಳಿದುಹೋಗುತ್ತದೆ. ಹಲವು ನಕಲುಗಳಲ್ಲಿ ಇದೂ ಇರುವುದಿಲ್ಲ. ಆಫ್ ಆಗಿದೆಯೆಂದು ಪೆಟ್ಟಿಗೆ ಬಿಚ್ಚಿ ಕೈಯಿಟ್ಟ ರೈತರಿಗೋ ಊರಿನ ಎಲೆಕ್ಟ್ರಿಷಿಯನ್‌ಗೋ ಏಟು ಬೀಳುವುದು ಇದರಿಂದ.

ಕೆಲವು ಪೆಟ್ಟಿಗೆಗಳಲ್ಲಿ ಮಿಡಿತದ ಏರ್ಪಾಡೇ ಇರುವುದಿಲ್ಲ. ಬ್ಯಾಟರಿಯಿಂದ ಇನ್ವರ್ಟರ್ ಬೋರ್ಡಿನ ಮೂಲಕ ನಿರಂತರ ಕರೆಂಟನ್ನು ತಂತಿಗೆ ಹರಿಸುವ ಇಂತಹ ಜೋಡಣೆಯನ್ನು ಎನರ್ಜೈಸರ್ ಎಂದು ಕರೆಯಲು ಯಾವ ಆಧಾರವೂ ಇಲ್ಲ. ಬ್ಯಾಟರಿಯಿಂದ ಬಂದದ್ದು ಎಂಬ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ.

ಚಾರ್ಜರ್ ಹಚ್ಚಿದ ರಾತ್ರಿ

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಇಲ್ಲಿದೆ. ಮೋಡ ಕವಿದ ದಿನಗಳಲ್ಲಿ, ಫಲಕದ ಮೇಲೆ ಧೂಳು ಕೂತಾಗ ಅಥವಾ ಬ್ಯಾಟರಿ ಹಳೆಯದಾದಾಗ ಸೋಲಾರ್ ಚಾರ್ಜ್ ಸಾಲುವುದಿಲ್ಲ. ರೈತರು ಪಂಪ್‌ಸೆಟ್ ಬೋರ್ಡಿನಿಂದ ವೈರ್ ಎಳೆದು ಅಗ್ಗದ ಚಾರ್ಜರ್ ಮೂಲಕ ಬ್ಯಾಟರಿಗೆ ಕೊಡುತ್ತಾರೆ. ಹಂದಿ ಬರುವುದು ರಾತ್ರಿಯಾದ್ದರಿಂದ ಬೇಲಿಯನ್ನೂ ಬಂದ್ ಮಾಡುವುದಿಲ್ಲ. ಚಾರ್ಜರ್ ಮತ್ತು ಬೇಲಿ ಎರಡೂ ಒಟ್ಟಿಗೆ ಚಾಲೂ ಇರುತ್ತವೆ.

ಮಾನಕದ ಪ್ರಕಾರ ಮೇನ್ಸ್ ವಿದ್ಯುತ್ತಿಗೆ ಜೋಡಿಸಬಹುದಾದ ಪೆಟ್ಟಿಗೆಯಲ್ಲಿ 230 ವೋಲ್ಟ್ ಬರುವ ಕಡೆಗೂ ಬೇಲಿಯ ಕಡೆಗೂ ನಡುವೆ ಬಲವಾದ ನಿರೋಧಕ ಪದರವಿರಬೇಕು. ಅಂತಹ ಪದರವಿಲ್ಲದ, ಬ್ಯಾಟರಿಯಿಂದ ಮಾತ್ರ ನಡೆಯಬೇಕಾದ ಪೆಟ್ಟಿಗೆಯ ಮೇಲೆ ಚಾರ್ಜರ್ ಮುಂತಾದ ಮೇನ್ಸ್ ಉಪಕರಣಕ್ಕೆ ಜೋಡಿಸಬಾರದೆಂಬ ಎಚ್ಚರಿಕೆ ಅಚ್ಚಾಗಿರಬೇಕು. ನಕಲು ಪೆಟ್ಟಿಗೆಯಲ್ಲಿ ಪದರವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಅನೇಕ ನಕಲುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯನ್ನೇ ಬೇಲಿಯ ಅರ್ಥಿಂಗ್ ತುದಿಗೂ ಸೇರಿಸಿರುತ್ತಾರೆ. ಹೀಗೆ ಸೇರಿಸಿದರೆ ಸರ್ಕ್ಯೂಟ್ ಸುಲಭವಾಗುತ್ತದೆ, ಒಂದು ಸುತ್ತು ತಂತಿ ಉಳಿಯುತ್ತದೆ.

ಈಗ ಚಾರ್ಜರಿನ ಒಳಗಿನ ನಿರೋಧನ ಒಡೆಯಿತೆಂದು ಭಾವಿಸಬೇಕು. ಅಗ್ಗದ ಚಾರ್ಜರುಗಳಲ್ಲಿ ಇದು ಅಪರೂಪವೇನಲ್ಲ. ಫೇಸ್ ವಿದ್ಯುತ್ ಬ್ಯಾಟರಿಗೆ ಬರುತ್ತದೆ, ಅಲ್ಲಿಂದ ಬೇಲಿಯ ಅರ್ಥಿಂಗ್ ಸಲಾಕೆಗೆ, ಟ್ರಾನ್ಸ್‌ಫಾರ್ಮರಿನ ಸುರುಳಿಯ ಮೂಲಕ ಬೇಲಿಯ ತಂತಿಗೂ ಹರಿಯುತ್ತದೆ. ಕುರುಗೋಡು ಭಾಗದ ಕಲ್ಲುನೆಲದಲ್ಲಿ ಅರ್ಥಿಂಗ್ ಸಲಾಕೆಯ ರೋಧ 100 ಓಮ್ ಇದ್ದರೆ ಹರಿಯುವ ಕರೆಂಟ್ 2.3 ಆಂಪಿಯರ್ ಮಾತ್ರ. ಇಷ್ಟಕ್ಕೆ ಫ್ಯೂಸ್ ಹೋಗುವುದಿಲ್ಲ. ಪೆಟ್ಟಿಗೆ ಎಂದಿನಂತೆ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ, ದೀಪ ಮಿನುಗುತ್ತಲೇ ಇರುತ್ತದೆ, ಮೇಲೆ ಹೇಳಿದ ಎಣಿಕೆಯ ಪರೀಕ್ಷೆಯಲ್ಲಿಯೂ ಅದು ತೇರ್ಗಡೆಯಾಗುತ್ತದೆ. ಆದರೆ ಇಡೀ ಹೊಲದ ಸುತ್ತ ಬಿಡುವಿಲ್ಲದ ಮೇನ್ಸ್ ಕರೆಂಟ್ ಹರಡಿರುತ್ತದೆ. ಒಂದು ಬಿಟ್ಟು ಒಂದು ತಂತಿಯನ್ನು ಅರ್ಥಿಂಗ್‌ಗೆ ಸೇರಿಸಿದ ಬೇಲಿಗಳಲ್ಲಿ, ಝಟಕಾ ಇಲ್ಲದ ತಂತಿ ಎಂದು ನಂಬಿ ಹಿಡಿಯುವ ತಂತಿಯಲ್ಲೂ ಅದೇ ಕರೆಂಟು. ಸಿರುಗುಪ್ಪ ಭಾಗದ ನೀರು ನಿಂತ ಗದ್ದೆಗಳಲ್ಲಿ ಸಲಾಕೆಯ ರೋಧ ಕಡಿಮೆ ಇರುವುದರಿಂದ ಫ್ಯೂಸ್ ಹೋಗುವ ಸಾಧ್ಯತೆ ಹೆಚ್ಚು. ಆದರೆ ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದರೆ ಆ ರಕ್ಷಣೆಯೂ ಇಲ್ಲ. ಬರಿಗಾಲಲ್ಲಿ ಕೆಸರಿನಲ್ಲಿ ನಿಂತು ನಾಟಿ ಮಾಡುವ, ಕಳೆ ಕೀಳುವ ಕೂಲಿಕಾರ್ಮಿಕರ ಮೈಯಿಂದ ಕರೆಂಟ್ ಇಳಿಯಲು ಅಡ್ಡಿಯೂ ಅಲ್ಲಿ ಬಹಳ ಕಡಿಮೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಬ್ಯಾಟರಿಯನ್ನು ಬೇಲಿಯಿಂದ ಪೂರ್ತಿ ಬಿಡಿಸಿ, ಬೇರೆ ಜಾಗದಲ್ಲಿಟ್ಟು ಚಾರ್ಜ್ ಮಾಡಿ, ಮತ್ತೆ ತಂದು ಜೋಡಿಸಬೇಕು. ಎರಡು ಬ್ಯಾಟರಿ ಇದ್ದರೆ ಒಂದು ರಾತ್ರಿಯೂ ಬೇಲಿ ಬಂದ್ ಆಗುವುದಿಲ್ಲ. ಪಂಪ್‌ಸೆಟ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಸೋರಿಕೆಯಾದ ಕ್ಷಣದಲ್ಲಿಯೇ ವಿದ್ಯುತ್ ಕಡಿತಗೊಳ್ಳುತ್ತದೆ. ಆದರೆ ಇದು ಹೆಚ್ಚುವರಿ ರಕ್ಷಣೆ ಮಾತ್ರ, ಚಾರ್ಜರನ್ನು ಹಚ್ಚಿಟ್ಟು ಬೇಲಿ ನಡೆಸಲು ಕೊಟ್ಟ ಅನುಮತಿಯಲ್ಲ.

ಬಲವಾದ ಪೆಟ್ಟಿಗೆಗೆ ಬೇಡಿಕೆ ಏಕೆ

ನಕಲು ಪೆಟ್ಟಿಗೆ ಮಾರಾಟವಾಗುವುದಕ್ಕೆ ಬೆಲೆಯೊಂದೇ ಕಾರಣವಲ್ಲ. ರೈತರು ಮೊದಲು ಕೊಂಡ ಒಳ್ಳೆಯ ಪೆಟ್ಟಿಗೆ ಒಂದೆರಡು ಹಂಗಾಮಿನ ನಂತರ ಮಂದವಾಯಿತೆಂದು ಹೇಳುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಮಂದವಾಗಿರುವುದು ಪೆಟ್ಟಿಗೆಯಲ್ಲ, ಅರ್ಥಿಂಗ್. ಝಟಕಾ ಬೀಳಬೇಕಾದರೆ ಕರೆಂಟ್ ತಂತಿಯಿಂದ ಪ್ರಾಣಿಯ ಮೂಲಕ ನೆಲಕ್ಕಿಳಿದು, ನೆಲದ ಮೂಲಕ ಅರ್ಥಿಂಗ್ ಸಲಾಕೆಗೆ ಮರಳಬೇಕು. ಬೇಸಿಗೆಯಲ್ಲಿ ಎರೆಭೂಮಿ ಬಾಯಿಬಿಟ್ಟಾಗ ಸಲಾಕೆಯ ಸುತ್ತ ಮಣ್ಣು ಸರಿದು ಹಿಡಿತ ತಪ್ಪುತ್ತದೆ. ಕಲ್ಲುನೆಲದಲ್ಲಿ ಸಲಾಕೆ ಒಂದಡಿ ಇಳಿಯುವುದೇ ಕಷ್ಟ. ಇದರ ಜೊತೆಗೆ ಕೆಳತಂತಿಗೆ ಕಳೆ ತಾಗಿ ಮಿಡಿತದ ಬಲ ಅಲ್ಲಿಯೇ ಸೋರಿಹೋಗುತ್ತದೆ. ಮೂರು ಸಲಾಕೆಗಳನ್ನು ಅಂತರ ಬಿಟ್ಟು ಆಳಕ್ಕೆ ಇಳಿಸಿ ಒಂದಕ್ಕೊಂದು ಜೋಡಿಸುವುದು, ಬೇಸಿಗೆಯಲ್ಲಿ ಅವುಗಳ ಬುಡಕ್ಕೆ ನೀರು ಹಾಕುವುದು, ತಂತಿಯ ಕೆಳಗಿನ ಕಳೆ ತೆಗೆಯುವುದು, ಇಷ್ಟು ಮಾಡಿದರೆ ಹಳೆಯ ಪೆಟ್ಟಿಗೆಯೇ ಸಾಕಾಗುವುದು ಸಾಮಾನ್ಯ. ಹೀಗೆ ಮಾಡದೆ ಹೆಚ್ಚು ಜೂಲ್‌ಗಳ ಪೆಟ್ಟಿಗೆ ತಂದರೆ, ಒಣನೆಲದಲ್ಲಿ ಅದೂ ಮಂದವಾಗಿಯೇ ಕಾಣುತ್ತದೆ. ಮೊದಲ ಮಳೆ ಬಿದ್ದ ದಿನ ಅದರ ಪೂರ್ತಿ ಬಲ ಹೊರಬೀಳುತ್ತದೆ.

ಅರ್ಥಿಂಗ್ ಸಲಾಕೆಯನ್ನು ಪಂಪ್‌ಸೆಟ್ ಅಥವಾ ಟಿಸಿಯ ಅರ್ಥಿಂಗ್‌ನಿಂದ ಕನಿಷ್ಠ 10 ಮೀಟರ್ ದೂರದಲ್ಲಿಡಬೇಕು. ಮುಳ್ಳುತಂತಿಗೆ ಝಟಕಾ ಹಾಯಿಸುವುದು ನಿಷಿದ್ಧ, ಏಕೆಂದರೆ ಬಟ್ಟೆಯೋ ಚರ್ಮವೋ ಮುಳ್ಳಿಗೆ ಸಿಕ್ಕಿಕೊಂಡವರು ಮಿಡಿತಗಳ ನಡುವಿನ ಬಿಡುವಿನಲ್ಲಿ ಬಿಡಿಸಿಕೊಳ್ಳಲಾರರು. ಅಕ್ಕಪಕ್ಕದ ಹೊಲಗಳ ಎರಡು ಬೇರೆ ಪೆಟ್ಟಿಗೆಗಳ ತಂತಿಗಳ ನಡುವೆ 2.5 ಮೀಟರ್ ಅಂತರವಿರಬೇಕು. ಇಲ್ಲವಾದರೆ ಎರಡನ್ನೂ ಒಟ್ಟಿಗೆ ಮುಟ್ಟಿದವರಿಗೆ ಎರಡರ ಮಿಡಿತಗಳೂ ಒಂದಾದ ಮೇಲೊಂದು ಬೀಳುತ್ತವೆ. ಬದು ಹಂಚಿಕೊಂಡ ಚಿಕ್ಕ ಹಿಡುವಳಿಗಳಲ್ಲಿ ಇದನ್ನು ಪಾಲಿಸುವುದು ಕಷ್ಟವೇ. ಅಂತಹ ಕಡೆ ಇಬ್ಬರೂ ಕೂಡಿ ಒಂದೇ ಪೆಟ್ಟಿಗೆ ಇಟ್ಟುಕೊಳ್ಳುವುದು ಸೂಕ್ತ. ಶಾಲೆಗೆ ಹೋಗುವ ದಾರಿ, ಬಂಡಿದಾರಿ, ಕಾಲುವೆಯ ದಂಡೆಗಳಲ್ಲಿ ಹಾಯುವ ಬೇಲಿಗೆ ಅಲ್ಲಲ್ಲಿ ಹಳದಿ ಬಣ್ಣದ ಎಚ್ಚರಿಕೆ ಫಲಕ ಕಡ್ಡಾಯವಾಗಿ ಇರಬೇಕು. ಓದು ಬಾರದವರಿಗಾಗಿ ಅದರಲ್ಲಿ ಕೈ ಮತ್ತು ತಂತಿಯ ಚಿತ್ರವಿರುವುದು ಒಳ್ಳೆಯದು.

ಇದೇ ಬಗೆಯ ಕೊರತೆಗಳು ಜಾತ್ರೆ, ಸಂತೆಗಳಲ್ಲಿ ಮೊಣಕಾಲು ನೋವು, ನರದೌರ್ಬಲ್ಯಗಳಿಗೆಂದು ಮಾರುವ ವಿದ್ಯುತ್ ಉತ್ತೇಜಕ ಯಂತ್ರಗಳ ನಕಲುಗಳಲ್ಲಿಯೂ ಇರುತ್ತವೆ. ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸಿ ಮೈಗೆ ಪಟ್ಟಿ ಅಂಟಿಸುವ ಯಂತ್ರದಲ್ಲಿ ನಿರೋಧಕ ಪದರ ಸರಿಯಿಲ್ಲದಿದ್ದರೆ 230 ವೋಲ್ಟ್‌ಗೂ ಚರ್ಮಕ್ಕೂ ನಡುವೆ ಬೇರೇನೂ ಉಳಿಯುವುದಿಲ್ಲ. ಇವು ವೈದ್ಯಕೀಯ ಸಾಧನಗಳ ನಿಯಮಗಳು, 2017ರ ವ್ಯಾಪ್ತಿಗೆ ಬರುತ್ತವೆ. ಸಮುದಾಯ ಭವನವನ್ನು ಉಚಿತ ಚಿಕಿತ್ಸಾ ಶಿಬಿರವೆಂದು ಕೇಳಿ ಬರುವ ಮಾರಾಟಗಾರರಿಗೆ ಕೊಡುವ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಅಭಿಪ್ರಾಯ ಪಡೆಯುವುದು ಉಚಿತ. ಹೃದಯದಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ವೈದ್ಯರ ಸಲಹೆಯಿಲ್ಲದೆ ಇಂತಹ ಯಂತ್ರಗಳನ್ನು ಬಳಸಬಾರದು.

ಕಾನೂನು ಮತ್ತು ಪಂಚಾಯಿತಿಯ ಹೊಣೆ

ಕಂಬದಿಂದ ಕೊಕ್ಕೆ ಹಾಕಿ ಬೇಲಿಗೆ ನೇರ ಕರೆಂಟ್ ಹಾಯಿಸುವುದು ವಿದ್ಯುಚ್ಛಕ್ತಿ ಕಾಯ್ದೆ, 2003ರ ಕಲಂ 135ರ ಅಡಿ ವಿದ್ಯುತ್ ಕಳವು. ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106 ಅನ್ವಯವಾಗುತ್ತದೆ. ಬೇಲಿಗೆ ತಾಗಿ ಕಾಡುಪ್ರಾಣಿ ಸತ್ತರೆ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅಡಿ ಪ್ರಕರಣ ಎದುರಿಸಬೇಕಾಗುತ್ತದೆ. ಗುಡ್ಡದಂಚಿನ ಗ್ರಾಮಗಳಲ್ಲಿ ಕರಡಿ, ಚಿರತೆಗಳ ಸಂಚಾರವೂ ಇರುವುದರಿಂದ ಈ ವಿಷಯವನ್ನು ವಾರ್ಡ್ ಸಭೆಗಳಲ್ಲಿ ಬಿಡಿಸಿ ಹೇಳಬೇಕು. ಪೆಟ್ಟಿಗೆ ನಕಲು ಎಂದು ತಿಳಿದಿರಲಿಲ್ಲ ಎಂಬ ಮಾತು ಜೀವ ಹೋದ ಮೇಲೆ ರೈತರ ನೆರವಿಗೆ ಬರುವುದು ಅನುಮಾನ. ನಷ್ಟಕ್ಕೊಳಗಾದ ಬೆಳೆಗಾರರೇ ಆರೋಪಿಯಾಗುವ ಈ ಪರಿಸ್ಥಿತಿಯನ್ನು ತಪ್ಪಿಸಬೇಕಾಗಿದೆ.

ಅವಘಡವಾದಾಗ ಬಿದ್ದವರನ್ನು ಕೈಯಿಂದ ಎಳೆಯಬಾರದು. ಮೊದಲು ಪಂಪ್‌ಸೆಟ್ ಬೋರ್ಡಿನ ಮೇನ್ ಸ್ವಿಚ್ಚನ್ನೂ ನಂತರ ಬ್ಯಾಟರಿಯನ್ನೂ ತಪ್ಪಿಸಬೇಕು. ಬ್ಯಾಟರಿಯನ್ನಷ್ಟೇ ಕಿತ್ತರೆ ಚಾರ್ಜರಿನ ಕಡೆಯಿಂದ ಬರುವ ಕರೆಂಟ್ ನಿಲ್ಲದಿರಬಹುದು. ಉಸಿರಾಟವಿಲ್ಲದಿದ್ದರೆ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಿ 108ಕ್ಕೆ ಕರೆ ಮಾಡಬೇಕು. ಜೆಸ್ಕಾಂ ಸಹಾಯವಾಣಿ 1912ಕ್ಕೂ ತಿಳಿಸಬೇಕು. ಪೆಟ್ಟಿಗೆ, ಚಾರ್ಜರ್, ವೈರುಗಳನ್ನು ಇದ್ದಲ್ಲಿಂದ ಕದಲಿಸದೆ ವಿದ್ಯುತ್ ಪರಿವೀಕ್ಷಕರ ತನಿಖೆಗೆ ಉಳಿಸಬೇಕು.

ಗ್ರಾಮ ಪಂಚಾಯಿತಿಗಳೂ ನರ್ಸರಿ, ಘನತ್ಯಾಜ್ಯ ವಿಲೇವಾರಿ ಘಟಕ, ಕೆರೆಯಂಗಳದ ನೆಡುತೋಪುಗಳಿಗೆ ಸೋಲಾರ್ ಬೇಲಿ ಹಾಕಿಸಬೇಕಾಗಬಹುದು. ಕಡಿಮೆ ದರ ನಮೂದಿಸಿದವರಿಗೆ ಆದೇಶ ನೀಡುವ ಪದ್ಧತಿಯಲ್ಲಿ, ತಾಂತ್ರಿಕ ವಿವರಣೆಯಲ್ಲಿ “ಸೋಲಾರ್ ಬೇಲಿ ಯಂತ್ರ, 1” ಎಂದಷ್ಟೇ ಬರೆದರೆ ನಕಲು ಪೆಟ್ಟಿಗೆಯೇ ಬರುತ್ತದೆ, ಅದನ್ನು ತಿರಸ್ಕರಿಸಲು ಕಾರಣವೂ ಇರುವುದಿಲ್ಲ. ಆದ್ದರಿಂದ ದರಪಟ್ಟಿ ಆಹ್ವಾನಿಸುವಾಗಲೇ ಐಎಸ್ 302ರ 76ನೇ ವಿಭಾಗ ಅಥವಾ ಐಇಸಿ 60335-2-76ಕ್ಕೆ ಅನುಗುಣವಾಗಿರಬೇಕೆಂದೂ, ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷಾ ವರದಿಯಲ್ಲಿ 500 ಓಮ್ ಹೊರೆಯಲ್ಲಿನ ಹೊರಶಕ್ತಿ ಹಾಗೂ ಮಿಡಿತಗಳ ಅಂತರ ದಾಖಲಾಗಿರಬೇಕೆಂದೂ, ತಯಾರಕರ ಹೆಸರು, ವಿಳಾಸ, ಕ್ರಮಸಂಖ್ಯೆ ಅಳಿಸಲಾಗದಂತೆ ಪೆಟ್ಟಿಗೆಯ ಮೇಲೆ ಇರಬೇಕೆಂದೂ, ಮಳೆ ಧೂಳಿನಿಂದ ರಕ್ಷಣೆಯ ಐಪಿ ದರ್ಜೆ ಮತ್ತು ಸಿಡಿಲು ನಿರೋಧಕದ ವಿವರ ನೀಡಬೇಕೆಂದೂ ಷರತ್ತು ವಿಧಿಸುವುದು ಸೂಕ್ತ. ಅಳವಡಿಕೆಯಾದ ದಿನ ನಿಮಿಷಕ್ಕೆ ಎಷ್ಟು ಮಿಡಿತ ಎಂಬುದನ್ನು ಎಣಿಸಿ ಅಳತೆ ಪುಸ್ತಕದಲ್ಲಿ ದಾಖಲಿಸಿದ ನಂತರವೇ ಬಿಲ್ಲು ಪಾವತಿಗೆ ಮಂಡಿಸತಕ್ಕದ್ದು. ರೈತರಿಗೆ ತಿಳಿಸಬೇಕಾದ ಚಾರ್ಜರ್ ಎಚ್ಚರಿಕೆಯನ್ನು ಡಂಗುರದ ಮೂಲಕ ಹಾಗೂ ಕಸ ಸಂಗ್ರಹಣಾ ವಾಹನದ ಧ್ವನಿವರ್ಧಕದ ಮೂಲಕ, ವಿಶೇಷವಾಗಿ ಬೆಳೆ ಕಾಳುಗಟ್ಟುವ ಹಂತದಲ್ಲಿ, ಸಂಜೆಯ ವೇಳೆ ಪ್ರಚಾರ ಮಾಡಿಸುವುದು.